ಒಬ್ಬನೇ ನೀರುಗಂಟಿ

ನಮ್ಮ ಮನೆಯ ಒಲೆಗೆ ಜಾಲಿ ಕಟ್ಟಿಗೆ ಬರಕೂಡದು. ಇದು ನಾನು ದೇವದುರ್ಗಕ್ಕೆ ಸೊಸೆಯಾಗಿ ಬಂದ ಹೊಸದರಲ್ಲೇ ಹಾಕಿದ ಕಾನೂನು. ಸೊಸೆಯಾದವಳು ಕಾನೂನು ಹಾಕುವುದುಂಟೇ ಎಂದು ಓಣಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಇಟ್ಟುಕೊಳ್ಳಲಿ. ಗ್ಯಾಸ್ ಬಂದರೂ ರೊಟ್ಟಿಗೆ ಮತ್ತು ಸ್ನಾನದ ನೀರಿಗೆ ನಮ್ಮ ಕಡೆ ಕಟ್ಟಿಗೆ ಒಲೆಯೇ ಬೇಕು, ಕಟ್ಟಿಗೆ ಎಂದರೆ ರಾಯಚೂರು ಸೀಮೆಯಲ್ಲಿ ಜಾಲಿಯೇ. ಹಳ್ಳದ ದಂಡೆ, ಕಾಲುವೆಯ ಏರಿ, ಶಾಲೆಯ ಹಿತ್ತಲು, ಸುಡುಗಾಡು, ಎಲ್ಲಿ ಕಣ್ಣು ಹಾಯಿಸಿದರೂ ಅದೇ. ಪುಕ್ಕಟೆ ಸಿಗುವ ಅದನ್ನು ಬಿಟ್ಟು ನನ್ನ ಅತ್ತೆ ಬೂದೆಮ್ಮ ನನಗೋಸ್ಕರ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹೊತ್ತು ತರಿಸುತ್ತಿದ್ದಳು. ಗೊಣಗುತ್ತಿದ್ದಳು, ಆದರೆ ತರಿಸುತ್ತಿದ್ದಳು.

ಕಾರಣ ಎಲ್ಲರಿಗೂ ಗೊತ್ತಿತ್ತು. ನನ್ನ ಎಡಗಣ್ಣು ನಿಜವಾದ ಕಣ್ಣಲ್ಲ. ಪ್ಲಾಸ್ಟಿಕ್ಕಿನದಾದರೂ ಜನ ಅದಕ್ಕೆ ಕಲ್ಲುಗಣ್ಣು ಎನ್ನುತ್ತಾರೆ. ಹೆಜ್ಜೆ ಇಡಲು ಕಲಿತ ಹೊತ್ತಿನಲ್ಲಿ ಮಾನ್ವಿಯ ನಮ್ಮ ಮನೆಯ ಹಿಂದಿನ ಜಾಲಿ ಬೇಲಿಯ ಮೇಲೆ ಬಿದ್ದೆನಂತೆ, ಮುಳ್ಳು ಸೀದಾ ಕಣ್ಣಿಗೆ ಹೊಕ್ಕಿತಂತೆ. ನನ್ನನ್ನು ಎತ್ತಿಕೊಂಡಿದ್ದವಳು ಹನುಮಂತಮ್ಮ, ನನ್ನ ಚಿಗವ್ವ, ಅವ್ವನ ಸ್ವಂತ ತಂಗಿ. ಆಗ ಅವಳಿನ್ನೂ ಲಂಗ ತೊಡುವ ಹುಡುಗಿ. 'ಕೂಸಿನ ಕಣ್ಣು ಕಳೆದಾಕಿ' ಎಂಬ ಹೆಸರು ಅವಳಿಗೆ ಅಂಟಿತು. ನೋಡಲು ಬಂದ ಗಂಡುಗಳೆಲ್ಲ ಆ ಹೆಸರು ಕೇಳಿ ಎದ್ದು ಹೋದರು. ಅವಳು ರಾಯಚೂರಿನ ಹತ್ತಿ ಮಿಲ್ಲಿಗೆ ಕೂಲಿಗೆ ಹೋದವಳು ಅಲ್ಲೇ ಉಳಿದಳು. ನನ್ನ ಮದುವೆಗೂ ಅವಳನ್ನು ಕರೆಯಲಿಲ್ಲ. ಕರೆಯಬೇಡಿ ಎಂದವಳು ನಾನೇ. ಜಾಲಿಯನ್ನು ಎಷ್ಟು ದ್ವೇಷಿಸಿದೆನೋ ಅವಳನ್ನು ಅದಕ್ಕಿಂತ ಒಂದು ಹಿಡಿ ಹೆಚ್ಚೇ ದ್ವೇಷಿಸಿದೆ.

ಹೆಣ್ಣು ನೋಡಲು ಬಂದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಹುಟ್ಟಿನಿಂದ ಬಂದದ್ದೇನ್ರಿ ಇದು? ರಕ್ತದಾಗಿಂದು ಇದ್ರ ಈಗ ಹೇಳ್ರಿ." ಅವ್ವ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬೇಲಿ ತೋರಿಸಿದಳು. ನನ್ನ ಅತ್ತೆ ಕೇಳಿದ್ದನ್ನು ನಂಬುವ ಪೈಕಿ ಅಲ್ಲ. ಬಾಗಿ ಒಂದು ಮುಳ್ಳನ್ನು ಬೆರಳಿನಿಂದ ಒತ್ತಿ ನೋಡಿದಳು, ಚುಚ್ಚಿಸಿಕೊಂಡಳು, ಬೆರಳು ಬಾಯಿಗಿಟ್ಟುಕೊಂಡು ಬಂದು "ಖರೆ ಅದ" ಎಂದು ಎಲೆ ಅಡಿಕೆ ತೆಗೆದುಕೊಂಡಳು. ನನ್ನ ಲಗ್ನ ಆದದ್ದು ಹಾಗೆ. ಗಂಡ ದುರುಗೇಶ ದೇವದುರ್ಗದಿಂದ ರಾಯಚೂರಿಗೆ ಕ್ರೂಸರ್ ಗಾಡಿ ಓಡಿಸುತ್ತಾನೆ. ಎದುರಿಗೆ ಅವನಿಗೆ ರೀ ಎನ್ನುತ್ತೇನೆ, ಇಲ್ಲಿ ಹೆಸರು ಹಿಡಿದರೆ ಯಾರೂ ಕೇಳುವುದಿಲ್ಲ. ಒಳ್ಳೆಯವನು. ಮಗ ಅಂಜಿನೇಯ ಹುಟ್ಟಿ ಅಂಬೆಗಾಲಿಡತೊಡಗಿದ ಮೇಲೆ ಮನೆಯ ಸುತ್ತ ಒಂದು ಜಾಲಿ ಸಸಿ ತಲೆ ಎತ್ತದಂತೆ ಕಿತ್ತುಹಾಕುತ್ತಿದ್ದ.

ಮಗನ ಜವಳದ ದಿನ ಅಲ್ಲಾಉದ್ದೀನನ ಸ್ಟುಡಿಯೋದವರು ಫೋಟೋ ತೆಗೆದರು. ಆಲ್ಬಂ ಚೆಂದವಿತ್ತು. ಎರಡು ತಿಂಗಳಾದ ಮೇಲೆ ನನ್ನ ನಾದಿನಿ ಹುಲಿಗೆಮ್ಮ ಕಾಲೇಜಿನಿಂದ ಬಂದವಳು ಮೊಬೈಲಿನಲ್ಲಿ ನನ್ನ ಮಗನ ಫೋಟೋ ಹೊಡೆದು, "ಯಕ್ಕಾ, ಇವನ ಒಂದ್ ಕಣ್ಣು ಬೆಕ್ಕಿನಂಗ ಹೊಳಿಯಾಕತ್ತಾದ ನೋಡು" ಎಂದಳು. ನೋಡಿದೆ. ಎಡಗಣ್ಣಿನ ಗುಡ್ಡೆಯ ನಡುವೆ ಬೆಳ್ಳಗೆ ಹೊಳಪು. ಆಲ್ಬಂ ತೆಗೆದು ನೋಡಿದರೆ ಅಲ್ಲಿ ಎರಡೂ ಕಣ್ಣು ಕಪ್ಪು. ಅಲ್ಲಾಉದ್ದೀನನನ್ನು ಕೇಳಿದರೆ ಅವನು ಹೆಮ್ಮೆಯಿಂದ ಹೇಳಿದ: "ಎಲ್ಲಾ ಫೋಟೋದಾಗೂ ಒಂದ್ ಕಣ್ಣಿಗೆ ಲೈಟ್ ಹೊಡದಿತ್ತು ಭಾಭಿ. ಒಂದೊಂದೇ ಕುಂತು ಕಪ್ಪು ಮಾಡೀನಿ." ಪಾಪ, ಒಳ್ಳೆಯದನ್ನೇ ಮಾಡಿದ್ದ. ಆ ಎರಡು ತಿಂಗಳನ್ನು ನಾನು ಯಾರ ಹತ್ತಿರ ಕೇಳಲಿ?

ರಾಯಚೂರಿನ ಕಣ್ಣಿನ ಡಾಕ್ಟರ ಬಳಿಗೆ ನಾನು ಮತ್ತು ಮಾನ್ವಿಯಿಂದ ಬಂದ ಅವ್ವ ಹೋದೆವು. ದುರುಗೇಶನಿಗೆ ಅಂದು ಮದುವೆಯ ಬಾಡಿಗೆ ಇತ್ತು. ಡಾಕ್ಟರು ಮಗನ ಕಣ್ಣಿಗೆ ಔಷಧಿ ಹನಿಸಿ, ಕತ್ತಲ ಕೋಣೆಯಲ್ಲಿ ದೀಪ ಬಿಟ್ಟು ನೋಡಿದರು. ಸ್ಕ್ಯಾನ್ ಮಾಡಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕುಳಿತರು. ಡಾಕ್ಟರು ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರೆ ಸುದ್ದಿ ಒಳ್ಳೆಯದಿರುವುದಿಲ್ಲ.

"ಒಳಗೆ ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಜಾತಿದು. ಈ ಕಣ್ಣು ಉಳಿಯೋದು ಕಷ್ಟ, ಆದ್ರೆ ಬೇಗ ತೆಗೆದ್ರೆ ಮಗು ಉಳಿಯುತ್ತೆ. ಹೈದರಾಬಾದಿಗೆ ಬರೆದು ಕೊಡ್ತೀನಿ, ಈ ವಾರದಲ್ಲೇ ಹೋಗಿ." ಆಮೇಲೆ ನನ್ನ ಮುಖ ನೋಡಿದರು. "ನಿಮ್ಮ ಕಣ್ಣಿಗೆ ಏನಾಗಿತ್ತಮ್ಮ?"

"ಜಾಲಿ ಮುಳ್ಳು ಚುಚ್ಚಿತ್ರಿ. ಸಣ್ಣಾಕಿ ಇದ್ದಾಗ."

ಅವರು ಅವ್ವನ ಕಡೆ ತಿರುಗಿದರು. "ಹೌದೇನಮ್ಮಾ? ಮುಳ್ಳೇನಾ? ಮುಳ್ಳಾಗಿದ್ರೆ ಈ ಮಗುವಿನ ಬಲಗಣ್ಣಿನ ಚಿಂತೆ ಅಷ್ಟಿರಲ್ಲ. ಇವರಿಗೂ ಇದೇ ಗಡ್ಡೆ ಆಗಿದ್ದಿದ್ರೆ ಬಲಗಣ್ಣಿಗೂ ಬರೋದು ಹೆಚ್ಚು. ನಿಜ ಹೇಳಿ."

"ಮುಳ್ಳೇ ರೀ ಯಪ್ಪಾ," ಎಂದಳು ಅವ್ವ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಅದನ್ನು ನೋಡಲು ನನಗೆ ಒಂದು ಕಣ್ಣು ಸಾಕಾಯಿತು.

ಹೊರಗಿನ ವರಾಂಡದಲ್ಲಿ ಅವಳ ರಟ್ಟೆ ಹಿಡಿದು ಗೋಡೆಗೆ ನಿಲ್ಲಿಸಿದೆ. "ಹೇಳಬೇ. ಏನಿತ್ತು ನನ್ನ ಕಣ್ಣಾಗ?"

ಮೊದಲು ಅತ್ತಳು. ಅಳು ನನ್ನ ಅವ್ವನ ಹಳೆಯ ಬೇಲಿ, ಅದನ್ನು ದಾಟಿ ಒಳಗೆ ಹೋಗಲು ಯಾರಿಗೂ ಬಿಟ್ಟವಳಲ್ಲ. ಈ ಸಲ ನಾನು ಬಿಡಲಿಲ್ಲ. "ಇದೇ ಇತ್ತು," ಎಂದಳು ಕೊನೆಗೆ. "ಬೆಳ್ಳಗ ಹೊಳಿತಿತ್ತು. ಕರ್ನೂಲಿನಾಗ ತೆಗೆಸಿದ್ವಿ. ನಿಮ್ಮಪ್ಪಗೂ ನನಗೂ ಬಿಟ್ರ ಯಾರಿಗೂ ಗೊತ್ತಿಲ್ಲ. ಗಡ್ಡಿ ಇತ್ತು ಅಂದ್ರ ನಿನ್ನ ಯಾರ್ ಮಾಡ್ಕೊಂತಿದ್ರು? ಹೆಣ್ ಕೂಸು ನೀನು. ಅದೇ ವಾರ ಹನುಮಂತಿ ನಿನ್ನ ಬೇಲಿ ತಾವ ಬೀಳಿಸಿದ್ಲು, ಹಣಿ ಕೆತ್ತಿತ್ತು. ಅದನ್ನೇ ಅಂದೆ."

ಮಗನನ್ನು ಅವಳ ಮಡಿಲಿಗೆ ಹಾಕಿ ನಾನು ಡಾಕ್ಟರ ಕೋಣೆಗೆ ತಿರುಗಿ ಓಡಿದೆ.

ಡಾಕ್ಟರು ಸಿಟ್ಟಾಗಲಿಲ್ಲ. ಇಂಥ ಮುಳ್ಳುಗಳನ್ನು ಬಹಳ ನೋಡಿದವರ ಹಾಗೆ ತಲೆ ಆಡಿಸಿ ತಿಳಿಸಿ ಹೇಳಿದರು. ನಮ್ಮ ಮೈಯ ಒಂದೊಂದು ಜೀವಕೋಶವೂ ಒಂದಿದ್ದದ್ದು ಎರಡಾಗಿ ಬೆಳೆಯುತ್ತದಂತೆ. ಎರಡಾಗುವ ಮೊದಲು ಅದಕ್ಕೆ ಅಪ್ಪಣೆ ಬೇಕು. ಆ ಅಪ್ಪಣೆಯ ಬಾಗಿಲಲ್ಲಿ ಒಂದು ಪ್ರೋಟೀನು ನಿಂತಿರುತ್ತದೆ, ಬೇಡದ ಹೊತ್ತಿನಲ್ಲಿ 'ಈಗ ಬೇಡ' ಎಂದು ತಡೆಯುವುದೇ ಅದರ ಕೆಲಸ. ಅದನ್ನು ತಯಾರಿಸುವ ಜೀನಿನ ಹೆಸರು ಆರ್‌ಬಿ ಒನ್. ತಂದೆಯಿಂದ ಒಂದು, ತಾಯಿಯಿಂದ ಒಂದು, ಎಲ್ಲರಿಗೂ ಎರಡು ಇರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ.

ನನಗೆ ತೀರಿಹೋದ ಅಪ್ಪನ ನೆನಪಾಯಿತು. ಮಾನ್ವಿಯ ಕಡೆ ತುಂಗಭದ್ರೆ ಕಾಲುವೆಯ ಮೇಲೆ ನೀರುಗಂಟಿಯಾಗಿದ್ದ ಅಪ್ಪ, ಮಾರೆಪ್ಪ. ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಅವನ ಜೊತೆಗೆ ಇನ್ನೊಬ್ಬ ನೀರುಗಂಟಿ ಇದ್ದ, ಒಬ್ಬ ಮಲಗಿದರೆ ಇನ್ನೊಬ್ಬ ಏಳುತ್ತಿದ್ದ. ಆ ಇನ್ನೊಬ್ಬ ಸತ್ತ ಮೇಲೆ ಅವನ ಜಾಗಕ್ಕೆ ಯಾರನ್ನೂ ಕೊಡಲಿಲ್ಲ. ಅಪ್ಪ ಜ್ವರದಿಂದ ಮೇಲೇಳದ ಒಂದು ದಿನ ತೂಬು ತೆರೆದೇ ಉಳಿದು, ಕೊಯ್ಲಿಗೆ ಬಂದ ನೆಲ್ಲಿನ ಗದ್ದೆಗಳು ಕೆರೆಯಾದವು.

"ನನ್ನ ಮಗಗ ಹುಟ್ಟಿನಿಂದ್ಲೇ ಒಬ್ಬನೇ ನೀರುಗಂಟಿ ಇದ್ದಂಗಾತಲ್ರಿ," ಎಂದೆ.

ಡಾಕ್ಟರು ರಾಯಚೂರಿನವರೇ, ಅರ್ಥವಾಯಿತು. "ಹೌದಮ್ಮ. ಕೆಟ್ಟಿರೋ ಒಂದು ನಿಮ್ಮಿಂದ ಹೋಗಿದೆ ಅಂತ ಕಾಣುತ್ತೆ, ರಕ್ತ ಪರೀಕ್ಷೆಯಲ್ಲಿ ಖಚಿತ ಆಗುತ್ತೆ. ಉಳಿದ ಒಬ್ಬ ಎಲ್ಲಿ ಮಲಗ್ತಾನೋ ಅಲ್ಲಿ ಗಡ್ಡೆ. ಬಲಗಣ್ಣಲ್ಲಿ ಇವತ್ತು ನನಗೇನೂ ಕಾಣಲಿಲ್ಲ. ಆದ್ರೆ ಹೈದರಾಬಾದಿನಲ್ಲಿ ಮತ್ತಿನ ಔಷಧಿ ಕೊಟ್ಟು ಪೂರ್ತಿ ನೋಡ್ಬೇಕು, ತಿಂಗಳು ತಿಂಗಳು ತಪ್ಪದೆ, ಕೆಲವು ವರ್ಷ. ಸಣ್ಣದಿದ್ದಾಗ ಸಿಕ್ಕರೆ ಅಲ್ಲೇ ಸುಟ್ಟು ಕಣ್ಣು ಉಳಿಸಬಹುದು. ತಪ್ಪಿಸಿದ್ರೆ ಎರಡೂ ಹೋಗಬಹುದು." ಆಮೇಲೆ ನನ್ನ ಮುಖ ನೋಡಿ ಸೇರಿಸಿದರು, "ಇದು ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲ! ನಮ್ಮ ಮನೆಗಳಲ್ಲಿ ಒಂದು ಕೊಡ ಒಡೆದರೂ ಒಡೆದವರು ಬೇಕು. ಯಾರ ತಪ್ಪೂ ಅಲ್ಲದ ಕಣ್ಣನ್ನು ತೆಗೆದುಕೊಂಡು ನಾನು ದೇವದುರ್ಗದ ಬಸ್ಸು ಹೇಗೆ ಹತ್ತಲಿ?

ಹೊರಗೆ ಬಂದರೆ ಅವ್ವ ಫೋನನ್ನು ಚೀಲಕ್ಕೆ ಇಡುತ್ತಿದ್ದಳು.

"ಯಾರಿಗೆ ಮಾಡಿದ್ದಿ?"

"ನಿಮ್ಮ ಅತ್ತೆವ್ವಗ. ಕಾಯಾಕತ್ತಿರ್ತಾಳಲ್ಲ." ನನ್ನ ಮುಖ ನೋಡಲಿಲ್ಲ. "ಮುಳ್ಳು ಹೊಕ್ಕು ಒಳಗ ಕೀವಾಗ್ಯಾದಂತ ಅಂದೆ. ಯಾರ್ ಕೂಡ ಇದ್ದಾಗ ಅಂತ ಕೇಳಿದ್ಲು. ಹುಲಿಗಿನೇ ಹೊರಗ ಎತ್ತಿಕೊಂಡು ಹೋಗ್ತಾಳಂತಲ್ಲ, ಅಕಿ ಕೈಯಾಗ ಇದ್ದಾಗ ಆಗಿರಬೇಕು ಅಂದೆ."

"ಯವ್ವಾ, ಆ ಹುಡುಗಿನ್ನ ನೋಡಾಕ ಯರಗೇರಾದವ್ರು ಬರೋರಿದ್ದಾರ ಮುಂದಿನ ವಾರ!"

"ಅಕಿಗೆ ಇನ್ನೊಂದು ಗಂಡು ಸಿಗ್ತದ. ನೀ ಮನಿ ಬಿಟ್ರ ನಿನಗ ಎಲ್ಲಿ ಸಿಗ್ತದ?"

"ತಿಂಗಳಿಗೊಮ್ಮಿ ಹೈದರಾಬಾದಿಗೆ ಹೋಗ್ಬೇಕಂತ ಬೇ. ಮುಳ್ಳು ಚುಚ್ಚಿದ್ದು ಒಂದ್ ಕಣ್ಣಿಗೆ, ಇನ್ನೊಂದಕ್ಕ ಯಾಕ ಹೋಗ್ತಿ ಅಂತ ಅತ್ತಿ ಕೇಳಂಗಿಲ್ಲಾ? ಯಾರು ಕಳಸ್ತಾರ ನನ್ನ?"

"ಹರಕಿ ಅದ ಅನ್ನು. ದೇವರಿಗೆ ಹೊಂಟೀನಿ ಅನ್ನು." ಅವ್ವನಿಗೆ ಎಲ್ಲಕ್ಕೂ ಉತ್ತರ ಸಿದ್ಧವಿತ್ತು. "ನಿನಗೂ ಒಂದೇ ಸಲ ತೆಗೆಸಿದ್ದು. ಮತ್ತ ಏನರ ಆತೇನು? ಚೆಂದ ಇದ್ದಿ."

ನಾನು ಚೆಂದ ಉಳಿದದ್ದು ಅದೃಷ್ಟ, ನನ್ನ ಉಳಿದ ನೀರುಗಂಟಿ ಇನ್ನೊಂದು ಕಣ್ಣಿನಲ್ಲಿ ಮಲಗಲಿಲ್ಲ ಅಷ್ಟೇ. ಅದನ್ನು ಅವ್ವನಿಗೆ ಹೇಳಿ ತಿಳಿಸುವ ತಾಳ್ಮೆ ನನ್ನಲ್ಲಿರಲಿಲ್ಲ. "ನಡಿ, ಚಿಗವ್ವನ ಮನಿಗೆ ಹೋಗೋಣ" ಎಂದೆ. ಅವ್ವ ಹಾವು ತುಳಿದವಳಂತೆ ಹಿಂದೆ ಸರಿದಳು. ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿಯ ಬಸ್ಸು ನಿಂತಿತ್ತು, ಹತ್ತಿ ಕಿಟಕಿಯ ಪಕ್ಕ ಕುಳಿತಳು. ಬಸ್ಸು ಹೊರಡುವವರೆಗೂ ಹೊರಗೆ ನೋಡಲಿಲ್ಲ. ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಅದರ ಬೆನ್ನಿಗೇ, ಆ ಬಸ್ಸಿನಲ್ಲಿ ನಾನೂ ಹತ್ತಿ ಕುಳಿತುಬಿಡಬಾರದೇ ಎಂದೂ ಅನಿಸಿತು.

ಚಿಗವ್ವನ ಖೋಲಿ ಗಂಜ್ ಮಾರುಕಟ್ಟೆಯ ಹಿಂದೆ, ಹತ್ತಿ ಮಿಲ್ಲಿನ ಗೋಡೆಗೆ ಅಂಟಿಕೊಂಡಿದೆ ಎಂದು ಕೇಳಿ ಗೊತ್ತಿತ್ತು. ನಾನು ಹೋಗುತ್ತಿದ್ದದ್ದು ಕ್ಷಮೆ ಕೇಳಲು. ನನ್ನ ಸಲುವಾಗಿ ಸುಳ್ಳನ್ನು ತಲೆ ಮೇಲೆ ಹೊತ್ತು, ಇಷ್ಟು ವರ್ಷ ಬಾಯಿ ಬಿಡದೆ ಬದುಕಿದ ಹೆಂಗಸಿನ ಕಾಲಿಗೆ ಬೀಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಬಾಗಿಲಲ್ಲೇ ಕುಳಿತು ಸೀರೆಗೆ ಅಂಟಿದ ಹತ್ತಿ ಎಳೆಗಳನ್ನು ಹೆಕ್ಕುತ್ತಿದ್ದಳು. ಕೂದಲೆಲ್ಲ ಬೆಳ್ಳಗೆ, ಹತ್ತಿಯೋ ನರೆಯೋ ತಿಳಿಯಲಿಲ್ಲ. ನನ್ನನ್ನು ಕಂಡವಳೇ ಎದ್ದು ನಿಂತಳು. ಮೊದಲು ನನ್ನ ಎಡಗಣ್ಣು ನೋಡಿದಳು, ಆಮೇಲೆ ನೆಲ ನೋಡಿದಳು.

"ನೀ ಬಂದ್ಯಾ ಯವ್ವಾ," ಎಂದಳು. "ಒಳಗ ಬಾ."

ನಾನು ಚೀಲ ಇಳಿಸಲೆಂದು ಮಗನನ್ನು ಅವಳ ಕಡೆ ಚಾಚಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ಕೂಸುಗಳನ್ನ ಎತ್ತಿಕೊಳ್ಳಂಗಿಲ್ಲ. ಚಾಪಿ ಮ್ಯಾಲ ಹಾಕು."

"ಯಾಕ ಚಿಗವ್ವಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀ ಕೇಳ್ತಿಯೇನು? ನಿನ್ನ ಬೀಳಿಸಿದ ಕೈ ಇವು. ಅವತ್ತ ಬೇಲಿಮ್ಯಾಲೆ ಹಕ್ಕಿ ಕುಂತಿತ್ತು, ತೋರ್ಸಾಕ ಹೋದೆ, ಕಾಲು ಜಾರ್ತು. ಎದ್ದಾಗ ನಿನ್ನ ಹಣಿ ಮ್ಯಾಲ ರಕ್ತ ಇತ್ತು. ಕಣ್ಣಿಗೆ ಹೊಕ್ಕದ್ದು ನನಗ ಕಾಣಲೇ ಇಲ್ಲ ನೋಡು. ಅಕ್ಕ ಹೇಳಿದ ಮ್ಯಾಲೇ ಗೊತ್ತಾಗಿದ್ದು. ಈಗ್ಲೂ ಕಣ್ಣ ಮುಚ್ಚಿದ್ರ ಆ ಮುಳ್ಳು ಹುಡುಕ್ತೀನಿ. ಯಾವುದು ಹೊಕ್ಕಿತು ಅಂತ."

ನಾನು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಉಪಯೋಗಕ್ಕೆ ಬಾರದಾದವು. ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವಳಿಗೆ ಹೇಳಿಯೇ ಇರಲಿಲ್ಲ. ನನ್ನ ಅವ್ವ ತನ್ನ ಒಡಹುಟ್ಟಿದವಳಿಗೂ ಆ ಮುಳ್ಳನ್ನು ನಿಜವೆಂದೇ ನಂಬಿಸಿದ್ದಳು.

ಹೇಳಿದೆ. ಕರ್ನೂಲು, ಗಡ್ಡೆ, ಆರ್‌ಬಿ ಒನ್, ನೀರುಗಂಟಿ, ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ ಕೇಳಿದಳು. ಅಳಲಿಲ್ಲ, ಅವ್ವನನ್ನು ಬಯ್ಯಲಿಲ್ಲ. ಬಹಳ ಹೊತ್ತಿನ ಮೇಲೆ ಕೈಗಳನ್ನು ಮುಂದೆ ತಂದು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಮುಳ್ಳು ಇದ್ದೇ ಇಲ್ಲೇನು ಹಂಗಾರ?" ಎಂದು ಕೇಳಿದಳು. ಅಷ್ಟೇ.

ನಾನು ಹುಲಿಗಿಯ ವಿಷಯ ಹೇಳಿದ ಮೇಲೆ ಅವಳು ಎದ್ದು ಖೋಲಿಗೆ ಬೀಗ ಹಾಕಿದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ದೇವದುರ್ಗದ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಳು. ಮಗ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಎರಡೂ ರೆಪ್ಪೆ ಮುಚ್ಚಿದಾಗ ಎರಡು ಕಣ್ಣೂ ಒಂದೇ ಥರ ಕಾಣುತ್ತಿದ್ದವು. ನಾನು ಲೆಕ್ಕ ಹಾಕುತ್ತಿದ್ದೆ, ನಿಜ ಹೇಳಬೇಕೆಂದರೆ ತಪ್ಪಿಸಿಕೊಳ್ಳುವ ದಾರಿಯ ಲೆಕ್ಕ. ಮುಳ್ಳೇ ಅನ್ನಬಹುದು, ಹುಲಿಗಿಯದಲ್ಲ, ನಾನೇ ಬೀಳಿಸಿದೆ ಅನ್ನಬಹುದು. ಆಗ ಹುಡುಗಿ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ. ಆದರೆ ಮಗನ ಬಲಗಣ್ಣು? ಮುಳ್ಳು ಎಂದು ಒಮ್ಮೆ ಬಾಯಿಂದ ಬಂದರೆ ಆ ಕಣ್ಣಿಗೆ ಹೈದರಾಬಾದಿನ ದಾರಿ ಮುಚ್ಚಿದ ಹಾಗೆ. ಹರಕೆಯ ಸುಳ್ಳು ಎಷ್ಟು ತಿಂಗಳು ಓಡೀತು? ಯಾವ ಕಡೆ ಹೊರಳಿದರೂ ಯಾರೋ ಒಬ್ಬರ ಕಣ್ಣು ಹೋಗುತ್ತಿತ್ತು. ಕಿಟಕಿಯ ಹೊರಗೆ ದಾರಿಯುದ್ದಕ್ಕೂ ಜಾಲಿ ಇತ್ತು, ಎರಡೂ ಬದಿಗೆ, ಬಸ್ಸಿಗೆ ತಾಗುವಷ್ಟು ಹತ್ತಿರ.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಹಿತ್ತಲಿನಿಂದ ಕೊಡಲಿಯ ಸದ್ದು ಕೇಳುತ್ತಿತ್ತು. ದುರುಗೇಶ ಬಾಡಿಗೆ ಬಿಟ್ಟು ಓಡಿ ಬಂದಿದ್ದ. ನಮ್ಮ ಹಿತ್ತಲಿನಾಚೆಗೆ, ನಮ್ಮದಲ್ಲದ ಜಾಗದಲ್ಲಿ ಬೆಳೆದ ಜಾಲಿಯನ್ನೆಲ್ಲ ಕಡಿದು ಕೆಡವುತ್ತಿದ್ದ. ಅಂಗಳದಲ್ಲಿ ಓಣಿಯ ಹೆಂಗಸರು ಕೂಡಿದ್ದರು. ನಡುವೆ ಅತ್ತೆ.

"ಬಾ ಯವ್ವಾ," ಎಂದು ನನ್ನನ್ನು ಕಂಡು ಎದೆ ಬಡಿದುಕೊಂಡಳು. "ನೀ ಮನಿಗೆ ಬಂದಾಗಿಂದ ಒಂದ್ ಜಾಲಿ ಕಡ್ಡಿ ಒಳಗ ಬಿಟ್ಕೊಂಡಿದ್ದಿಲ್ಲ. ಈ ಹಾಳಾದಾಕಿ ಎಲ್ಲಿ ಒಯ್ದು ಬೀಳಿಸಿ ಬಂದಾಳ ನೋಡು. ಬಾಯಿ ಬಿಡವಲ್ಲಳು."

ಹುಲಿಗಿ ಬಾಗಿಲ ಹಿಂದೆ ಇದ್ದಳು. ಕೆನ್ನೆಯ ಮೇಲೆ ಬೆರಳುಗಳ ಗುರುತು ಇತ್ತು. ನನ್ನನ್ನು ನೋಡಿ ಮುಂದೆ ಬಂದಳು. ನಾನು ಏನೂ ಮಾಡಿಲ್ಲ ಎನ್ನುತ್ತಾಳೆ ಎಂದುಕೊಂಡೆ.

"ಯಕ್ಕಾ," ಎಂದಳು, "ನಂಗ ಈಗ ನೆಪ್ಪಾಗಾಕತ್ತಾದ. ಜವಳಕ್ಕಿಂತ ಮೊದ್ಲು ಒಂದ್ ಶನಿವಾರ ಮಸೂತಿ ಹಿಂದಿನ ಬೇಲಿ ತಾವ ಅಂವ ಒಮ್ಮಿಗೇ ಅತ್ತಿದ್ದ. ಇರುವಿ ಕಡಿತು ಅಂದ್ಕೊಂಡಿದ್ದೆ. ಅದೇ ಮುಳ್ಳಿತ್ತು ಕಾಣ್ತದ. ನಂದೇ ತಪ್ಪು ಯಕ್ಕಾ."

ಮಗ ಅವಳ ದನಿ ಕೇಳಿ ಎಚ್ಚೆತ್ತು ಎರಡೂ ಕೈ ಚಾಚಿದ. ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಬ್ಯಾಡ. ನಾ ಮುಟ್ಟಂಗಿಲ್ಲ."

ನನ್ನ ಪಕ್ಕದಲ್ಲಿ ಚಿಗವ್ವನ ಉಸಿರು ಸಿಕ್ಕಿಕೊಂಡ ಸದ್ದು ಕೇಳಿಸಿತು. ಬಸ್ಸಿನಲ್ಲಿ ಹಾಕಿದ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

"ಮುಳ್ಳಲ್ಲ," ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಹಿತ್ತಲಿನ ಕೊಡಲಿ ನಿಂತಿತು. "ಯಾರೂ ಬೀಳಿಸಿಲ್ಲ. ಹುಲಿಗಿದು ಏನೂ ಇಲ್ಲ. ಅದು ನನ್ನ ರಕ್ತದಾಗ ಅದ, ಅತ್ತಿ. ನನಗೂ ಅದೇ ಆಗಿತ್ತು. ನನ್ನಿಂದ ಅವಂಗ ಬಂದಾದ. ಇನ್ನೊಂದು ಕಣ್ಣಿಗೂ ಬರಬಹುದಂತ. ತಿಂಗಳಿಗೊಮ್ಮಿ ಹೈದರಾಬಾದಿಗೆ ಹೋಗಿ ತೋರಿಸ್ಬೇಕು, ತಪ್ಪಿಸಿದ್ರ ಕುರುಡ ಆಗ್ತಾನ."

ದುರುಗೇಶ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ. ಎರಡೂ ಕೈಗಳಲ್ಲಿ ಮುಳ್ಳು ಗೀರಿದ ಗೆರೆಗಳು, ರಕ್ತ ಮೊಣಕೈವರೆಗೆ ಇಳಿದಿತ್ತು. ಅವನು ಕೈಗಳನ್ನು ಒಮ್ಮೆ ನೋಡಿಕೊಂಡ, ನನ್ನನ್ನು ಒಮ್ಮೆ ನೋಡಿದ.

"ಯಾವಾಗಿಂದ ಗೊತ್ತು ನಿನಗ?"

"ಇವತ್ತ ಮುಂಜಾನಿ."

ಅವನು ನಕ್ಕ. ಆ ನಗು ನಾನು ಅವನಲ್ಲಿ ಮೊದಲು ಕಂಡಿರಲಿಲ್ಲ. ಸುತ್ತ ನೋಡಿದೆ, ಒಬ್ಬ ಹೆಂಗಸಿನ ಮುಖದಲ್ಲೂ ನಂಬಿಕೆ ಇರಲಿಲ್ಲ. ಹೇಗಿರಬೇಕು? ಜಾಲಿ ಕಡ್ಡಿ ಕಂಡರೆ ಕೂಗಾಡುತ್ತಿದ್ದವಳು, ಒಲೆಗೆ ಕಾನೂನು ಹಾಕಿದವಳು, ಎಲ್ಲ ಬಲ್ಲವಳ ನಾಟಕ ಎಂದೇ ಅನಿಸಿರಬೇಕು. ಸುಳ್ಳು ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ನಿಜ ಹೇಳಿದ ಮೇಲೂ ನಾನು ಅವ್ವನ ಬೇಲಿಯ ಒಳಗೇ ಇದ್ದೆ. ಹೊರಬರುವ ಸಂದೇ ಇರಲಿಲ್ಲ.

"ಬೇಲಿ ತೋರಿಸಿದ್ರು ನನಗ," ಎಂದಳು ಅತ್ತೆ ಮೆಲ್ಲಗೆ. "ಮುಳ್ಳು ಚುಚ್ಚಿಸ್ಕೊಂಡು ಬಂದೆ ನಾ. ತಾಯಿ ಮಗಳು ಕೂಡಿ ಆಡಿದ್ರಿ."

"ಅಕಿಗೆ ಗೊತ್ತಿದ್ದಿಲ್ರಿ," ಎಂದಳು ಚಿಗವ್ವ.

ಅತ್ತೆ ಆಗಲೇ ಅವಳನ್ನು ನೋಡಿದ್ದು. "ನೀ ಯಾರಬೇ?"

ಚಿಗವ್ವ ಸೆರಗು ಸರಿಮಾಡಿಕೊಂಡಳು. ನಾಚಿಕೆಯಿಂದ ಅಲ್ಲ, ಸಾಕ್ಷಿ ಹೇಳಲು ನಿಂತವರ ಹಾಗೆ. "ನೀವು ಅವತ್ತ ಬಂದು ನೋಡಿದ್ರಲ್ಲಾ ಆ ಮುಳ್ಳು, ಅದು ನಾನ್ರಿ. ಈ ಹುಡುಗಿ ವಯಸ್ಸಿನಾಗ ಇದ್ದಾಗಿಂದ ಇವತ್ತಿನ ತನಕ ನಾನೇ ಚುಚ್ಚಿದೆ ಅಂತ ತಿಳ್ಕೊಂಡು ಬದುಕೀನಿ. ನನಗೇ ಹೇಳಿದ್ದಿಲ್ಲ, ಇಕಿಗೆ ಹ್ಯಾಂಗ ಗೊತ್ತಿರ್ತದ?"

ಅತ್ತೆ ಅವಳ ನರೆತ ತಲೆ ನೋಡಿದಳು, ತಾಳಿ ಕಾಣದ ಕೊರಳು ನೋಡಿದಳು, ಆಮೇಲೆ ತನ್ನ ಮಗಳ ಕೆನ್ನೆ ನೋಡಿದಳು. ಕೆನ್ನೆ ನೋಡಿದ ಮೇಲೆ ಕುಳಿತುಕೊಂಡಳು.

ದುರುಗೇಶ ಕೊಡಲಿಯನ್ನು ಗೋಡೆಗೆ ಆನಿಸಿದ. ಮಾತಾಡಿದ್ದು ಚಿಗವ್ವನ ಜೊತೆ. "ಹೈದರಾಬಾದಿಗೆ ಮುಂಜಾನಿ ಯಾವ ರೈಲು ಅದ್ರಿ?" ಅವಳು ಹೇಳಿದಳು. "ಕೂಸಿನ ಕೂಡ ನಾ ಹೋಗ್ತೀನಿ, ಅಕಿ ತವರಿಗೆ ಹೋಗ್ಲಿ," ಎಂದಳು ಅತ್ತೆ ಕುಳಿತಲ್ಲಿಂದಲೇ. ಅವನು ಕೈಯ ರಕ್ತ ಒರೆಸಿಕೊಂಡು, "ಅಂವ ಇನ್ನಾ ಮೊಲಿ ಕುಡಿತಾನ. ಅಕಿ ಬರ್ಲಿ. ಬಂದ ಮ್ಯಾಲ ನೋಡೋಣ" ಎಂದ. ನನ್ನ ಕಡೆ ತಿರುಗಲಿಲ್ಲ.

ಬಂದ ಮೇಲೆ ನೋಡೋಣ. ತಿಂಗಳಿಗೊಮ್ಮೆ ಹೋಗಬೇಕು, ತಿಂಗಳಿಗೊಮ್ಮೆ ಬರಬೇಕು. ಪ್ರತಿ ಸಲ ಮರಳಿ ಬಂದಾಗಲೂ ಆ ಮಾತು ನನಗಿಂತ ಮೊದಲೇ ಮನೆಯ ಹೊಸ್ತಿಲಲ್ಲಿ ಕುಳಿತಿರುತ್ತದೆ ಎಂದು ನನಗೆ ಅಲ್ಲೇ ತಿಳಿಯಿತು. ಆದರೂ ಅವನು ರೈಲು ಕೇಳಿದ್ದ. ಮಗನ ಬಲಗಣ್ಣಿಗೆ ಅಷ್ಟು ಸಾಕಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಮರುದಿನದ ಬುತ್ತಿಗೆ ರೊಟ್ಟಿ ಬಡಿಯಬೇಕಿತ್ತು. ನಾನು ಮಗನನ್ನು ಯಾರ ಕೈಗೂ ಕೊಡದೆ ಒಲೆಯ ಮುಂದೆ ಕುಳಿತಿದ್ದೆ. ಚಿಗವ್ವ ಬಂದು ಎದುರು ಕುಳಿತು, ಎರಡೂ ಕೈ ಚಾಚಿದಳು. ಮಗನನ್ನು ಕೊಟ್ಟೆ. ಅವಳು ಅವನನ್ನು ಎತ್ತಿಕೊಂಡ ರೀತಿ ತಪ್ಪಾಗಿತ್ತು, ತಲೆ ಒಂದು ಕಡೆ, ಕಾಲು ಒಂದು ಕಡೆ. ಹುಲಿಗಿ ಹತ್ತಿರ ಬಂದು "ಹಂಗಲ್ಲ ಚಿಗವ್ವಾ, ಹಿಂಗ" ಎಂದು ತನ್ನ ಕೈಯಿಂದ ಅವನ ಕುತ್ತಿಗೆ ಸರಿಮಾಡಿದಳು.

ತೊಗರಿ ಕಟ್ಟಿಗೆ ತೀರಿತ್ತು. ಹುಲಿಗಿ ಪಕ್ಕದ ಮನೆಯಿಂದ ಒಣಗಿದ ಜಾಲಿಯ ಒಂದು ಹೊರೆ ತಂದು ಒಲೆಯ ಹತ್ತಿರ ಹಿಡಿದು ನಿಂತಳು, ಅಭ್ಯಾಸದಂತೆ ನನ್ನ ಮುಖ ನೋಡಿದಳು.

"ಹಾಕ್ಲಾ ಯಕ್ಕಾ?"

"ಹಾಕು," ಎಂದೆ. ಜಾಲಿ ಬೇಗ ಹೊತ್ತಿಕೊಂಡಿತು. ನಾನು ಹಿಟ್ಟು ನಾದತೊಡಗಿದೆ.